ಅಪ್‌ಡೇಟ್: ಚಿತ್ರದುರ್ಗದ ಆ ಹಾಡುಗಾರ್ತಿಯನ್ನು ಕೇಳಿ, ಮಾತನಾಡಿಸಿ ಬಂದೆ

ತಾವೇ ಪದ ಕಟ್ಟಿ ಹಾಡುವ, ನಾನು ಮೊಬೈಲಿನಲ್ಲಷ್ಟೇ ಕೇಳಿದ್ದ ಗಾಯಕಿಯೊಬ್ಬರು ಚಿತ್ರದುರ್ಗದ ಮನೆಯೊಂದರಲ್ಲಿ ಹಾಡಲಿದ್ದಾರೆ, ದಾವಣಗೆರೆಯಿಂದ ಒಬ್ಬನೇ ಹೋಗುವುದು ಸರಿಯೇ, ಮುಗಿದ ಮೇಲೆ ಅವರನ್ನು ಮಾತನಾಡಿಸಬಹುದೇ ಎಂದು ಹಿಂದಿನ ತಿಂಗಳು ಕೇಳಿದ್ದೆ. ಹೋಗಿದ್ದೆ.

ಏಳು ಸುತ್ತಿನ ಕೋಟೆಗೆ ಸಮೀಪದ ಆ ಮಹಡಿಯಲ್ಲಿ ಜಮಖಾನೆಯ ಮೇಲೆ ಕುಳಿತವರು ಇಪ್ಪತ್ತೈದು ಮಂದಿಯಷ್ಟೇ. ಮೈಕ್ ಇರಲಿಲ್ಲ. ಅವರು ಗಿಟಾರನ್ನು ಗೋಡೆಗೆ ಒರಗಿಸಿ ಏಕತಾರಿಯನ್ನು ಎತ್ತಿಕೊಂಡಾಗ, ಅದರ ಒಂಟಿ ತಂತಿ ಶ್ರುತಿಯನ್ನಷ್ಟೇ ಹಿಡಿದು ನಿಲ್ಲುವುದರಿಂದ, ಪ್ರತಿ ಸಾಲಿಗೂ ಮುನ್ನ ಅವರು ಎಳೆದುಕೊಳ್ಳುತ್ತಿದ್ದ ಉಸಿರು ಸಹ ಕೇಳಿಸುತ್ತಿತ್ತು. ಮೊಬೈಲಿನ ಧ್ವನಿಮುದ್ರಣದಲ್ಲಿ ಅದನ್ನು ಯಾರೋ ಅಳಿಸಿಹಾಕಿದ್ದರೆಂದು ಕಾಣುತ್ತದೆ.

ಕೊನೆಗೆ ಚಹಾದ ಲೋಟ ಹಿಡಿದು (ಕೈ ನಡುಗುತ್ತಿತ್ತೆಂದು ಒಪ್ಪಿಕೊಳ್ಳುತ್ತೇನೆ) ಹತ್ತಿರ ಹೋದೆ. ಶರೀಫರ ತತ್ವಪದಗಳು ಶಿಶುನಾಳಾಧೀಶನ ಹೆಸರಿನಿಂದಲೂ ಪುರಂದರದಾಸರ ಕೀರ್ತನೆಗಳು ಪುರಂದರವಿಠಲನ ಹೆಸರಿನಿಂದಲೂ ಮುಗಿಯುವಾಗ, ತಮ್ಮ ಹಾಡುಗಳಿಗೆ ಅಂಕಿತವೇ ಇಲ್ಲವೇಕೆ ಮೇಡಂ, ಎಂದು ಕೇಳಿದೆ. "ಇನ್ನೂ ಹುಡುಕುತ್ತಿದ್ದೇನೆ, ಸಿಕ್ಕರೆ ಹೇಳಿ ಕಳಿಸುತ್ತೇನೆ" ಎಂದು ನಕ್ಕರು.

ಧೈರ್ಯವಾಗಿ ಹೋಗೆಂದವರಿಗೆ ಧನ್ಯವಾದ. ಸೆಲ್ಫಿ ಕೇಳಬೇಡವೆಂದವರಿಗೆ ಇನ್ನೂ ಹೆಚ್ಚು.