ಶಿರಾಡಿ ಘಾಟಿಯಲ್ಲಿ ಎಲ್ಲಾ ಸರಕೂ ಲಾರಿ ಮೇಲೆಯೇ ಯಾಕೆ ಹೋಗಬೇಕು? ರೈಲು ಇದೆಯಲ್ಲ!

ತೋಟದಮನೆ:
ನಮ್ಮ ಮನೆ ಸಕಲೇಶಪುರ ದಾಟಿ ಡೋಣಿಗಲ್ ಹತ್ತಿರ. ಹೆದ್ದಾರಿ 75ರಿಂದ ಒಂದು ಕೂಗಳತೆ. ರಾತ್ರಿಯಿಡೀ ಮಂಗಳೂರು ಕಡೆಯಿಂದ ಲೋಡು ಲಾರಿಗಳು ಏದುಸಿರು ಬಿಟ್ಟುಕೊಂಡು ಹತ್ತುತ್ತವೆ, ಗೂಡಿನಲ್ಲಿಟ್ಟ ಸ್ಟೀಲ್ ಲೋಟ ಸಣ್ಣಗೆ ಗಲಗಲ ಅನ್ನುತ್ತಲೇ ಇರುತ್ತದೆ. ರಸ್ತೆ ಪಕ್ಕದ ಕಾಫಿ ಗಿಡದ ಎಲೆ ಮೇಲೆ ಬೆರಳು ಎಳೆದರೆ ಕಪ್ಪು ಮಸಿಯಲ್ಲಿ ಗೆರೆ ಮೂಡುತ್ತದೆ. 2024ರ ಜುಲೈನಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಯ್ತಲ್ಲ, ಆ ರಾತ್ರಿ ಎಷ್ಟೋ ವರ್ಷದ ಮೇಲೆ ಮನೆಯೊಳಗೆ ಜೀರುಂಡೆ ಸದ್ದು ಕೇಳಿಸಿತು. ಅಮ್ಮ ಎದ್ದು ಕೂತು "ಏನಾಯ್ತೋ" ಅಂತ ಕೇಳಿದರು!

ಲಾರಿಯವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಪಕ್ಕದಲ್ಲೇ ರೈಲು ಹಳಿ ಇದೆ. ಬಂದರಿನ ಸರಕನ್ನು ಅದರಲ್ಲೇ ಕಳಿಸಿದರೆ ಆಗಲ್ವಾ? ಓವರ್‌ಲೋಡ್ ಯಾಕೆ ನಿಲ್ಲುವುದಿಲ್ಲ? ಗೊತ್ತಿರುವವರು ಹೇಳಿ.

ಹತ್ತುಚಕ್ರ:
ನಿಮ್ಮ ಮನೆ ಮುಂದೆ ಏದುಸಿರು ಬಿಡುವವರಲ್ಲಿ ನಾನೂ ಒಬ್ಬ. ಮೊದಲು ಡ್ರೈವರ್ ಆಗಿದ್ದೆ, ಈಗ ಒಂದು ಗಾಡಿಗೆ ಓನರ್. ಓನರ್ ಅಂದರೆ ಕಂತು ಕಟ್ಟುವವನು ಅಂತ ಓದಿಕೊಳ್ಳಿ.

ಲೆಕ್ಕ ಬಿಡಿಸಿ ಹೇಳ್ತೀನಿ. ನನ್ನ ಗಾಡಿ 10 ಚಕ್ರದ್ದು, ಪಾಸಿಂಗ್ (ಗಾಡಿ, ಮಾಲು ಸೇರಿ ಕಾನೂನು ಒಪ್ಪುವ ತೂಕ) 28.5 ಟನ್. ಖಾಲಿ ಗಾಡಿಯೇ ಹತ್ತು ಟನ್ ತೂಗುತ್ತದೆ, ಉಳಿದದ್ದು 18.5 ಟನ್ ಮಾಲು. ಮಂಗಳೂರಿನಿಂದ ಬೆಂಗಳೂರಿಗೆ ಕಳೆದ ಸಲ ನನಗೆ ಸಿಕ್ಕ ಬಾಡಿಗೆ ಟನ್ನಿಗೆ 1100. ಒಟ್ಟು 20,350 ಆಯ್ತು. ಲೋಡಿನಲ್ಲಿ ಮೈಲೇಜ್ 4, ಘಾಟಿಯಲ್ಲಿ ಅದೂ ಇಲ್ಲ. ವಾಪಸ್ ಬರುವಾಗ ಲೋಡು ಸಿಗದೆ ಖಾಲಿ ಬಂದೆ. ಹೋಗಿ ಬರಲು 145 ಲೀಟರ್ ಚಿಲ್ಲರೆ ಡೀಸೆಲ್, 91 ರೂಪಾಯಿಯಂತೆ 13 ಸಾವಿರದ ಮೇಲೆ. ಉಳಿದ ಏಳು ಸಾವಿರದಲ್ಲಿ ಟೋಲ್, ಡ್ರೈವರ್ ಬಾಟಾ, ಟೈರು, ಇನ್ಶೂರೆನ್ಸ್, ತಿಂಗಳಿಗೆ 52 ಸಾವಿರ ಕಂತು, ಎಲ್ಲಾ ಬರಬೇಕು. ತಿಂಗಳಿಗೆ ಎಂಟು ಟ್ರಿಪ್ ಆದರೆ ಹೆಚ್ಚು.

ಈಗ ಅದೇ ಗಾಡಿಗೆ 25 ಟನ್ ಹಾಕಿದರೆ 27,500. ಡೀಸೆಲ್ ಹತ್ತು ಲೀಟರ್ ಜಾಸ್ತಿ ಕುಡಿಯುತ್ತದೆ ಅಷ್ಟೇ. ಮೇಲೆ ಸಿಗುವ ಆರು ಸಾವಿರವೇ ನಮ್ಮ ಮನೆ ಊಟ. ತಪ್ಪು ಅಂತ ಗೊತ್ತು. 2019ರ ಕಾನೂನಿನಲ್ಲಿ ಓವರ್‌ಲೋಡಿಗೆ 20 ಸಾವಿರ ದಂಡ, ಮೇಲೆ ಹೆಚ್ಚುವರಿ ಟನ್ನಿಗೆ ಎರಡೆರಡು ಸಾವಿರ. ಆದರೆ ನಾನು ಪಾಸಿಂಗ್ ಪ್ರಕಾರವೇ ಹಾಕ್ತೀನಿ ಅಂದರೆ ಟ್ರಾನ್ಸ್‌ಪೋರ್ಟ್ ಆಫೀಸಿನವನು ಮುಖ ಕೂಡ ಎತ್ತದೆ ಹಿಂದಿನ ಗಾಡಿಯವನನ್ನು ಕರೆಯುತ್ತಾನೆ.

ಡಾಂಬರುಮೇಷ್ಟ್ರು:
ಮೇಲಿನವರ ಲೆಕ್ಕ ಸರಿ ಇದೆ. ರಸ್ತೆಯ ಲೆಕ್ಕ ಅದಕ್ಕಿಂತ ಕೆಟ್ಟದಾಗಿದೆ, ಸ್ವಲ್ಪ ಕೇಳಿ.

1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ಬೇರೆ ಬೇರೆ ತರಹದ ರಸ್ತೆ ಹಾಕಿ, ಸೈನಿಕರ ಕೈಲಿ ಲೋಡು ಲಾರಿ ಸುತ್ತಿಸಿ ಸುತ್ತಿಸಿ ಪರೀಕ್ಷೆ ಮಾಡಿದರು. ಅದರಿಂದ ಬಂದ ಅಂದಾಜು ಏನಂದರೆ, ರಸ್ತೆಗೆ ಆಗುವ ಪೆಟ್ಟು ಆಕ್ಸಲ್ (ಚಕ್ರಗಳನ್ನು ಜೋಡಿಸುವ ಅಡ್ಡ ದಂಡ) ಮೇಲಿನ ಭಾರದ ನಾಲ್ಕನೇ ಘಾತದಂತೆ ಏರುತ್ತದೆ, ಅಂದರೆ ಭಾರ ಎರಡು ಪಟ್ಟಾದರೆ ಪೆಟ್ಟು ಹದಿನಾರು ಪಟ್ಟು. ನಮ್ಮಲ್ಲಿ ನಾಲ್ಕು ಚಕ್ರದ ಒಂದು ಆಕ್ಸಲ್‌ಗೆ 2018ರಲ್ಲಿ ಮಿತಿಯನ್ನು 10.2ರಿಂದ 11.5 ಟನ್‌ಗೆ ಏರಿಸಿದರು. ಅದರ ಮೇಲೆ 15 ಟನ್ ಬಿದ್ದರೆ ಭಾರ ಏರಿದ್ದು 30 ಪರ್ಸೆಂಟ್, ಪೆಟ್ಟು ಮಾತ್ರ ಹತ್ತಿರ ಹತ್ತಿರ ಮೂರು ಪಟ್ಟು. ನಿಮ್ಮ ಮನೆ ಕಾರು ಜೀವಮಾನವಿಡೀ ಓಡಾಡಿದರೂ ಶಿರಾಡಿ ರಸ್ತೆಗೆ ಏನೂ ಆಗುವುದಿಲ್ಲ.

ಬಳ್ಳಾರಿ ಅದಿರು ಈ ಘಾಟಿಯಲ್ಲಿ ಬಂದರಿಗೆ ಇಳಿಯುತ್ತಿದ್ದ ಕಾಲ ನೆನಪಿದೆಯಾ? 2010ರಲ್ಲಿ ಸರ್ಕಾರ ಅದಿರು ರಫ್ತು ನಿಲ್ಲಿಸುವಷ್ಟರಲ್ಲಿ ರಸ್ತೆ ಗದ್ದೆ ಆಗಿತ್ತು. ಕೊನೆಗೆ 2015ರಲ್ಲಿ ಒಂದು ಸಲ, 2018ರಲ್ಲಿ ಇನ್ನೊಂದು ಸಲ ತಿಂಗಳುಗಟ್ಟಲೆ ಘಾಟಿ ಮುಚ್ಚಿ ಕಾಂಕ್ರೀಟ್ ಹಾಕಬೇಕಾಯ್ತು. ಆ ದುಡ್ಡು ಯಾವ ಬಾಡಿಗೆ ಬಿಲ್ಲಿನಲ್ಲೂ ಇರಲಿಲ್ಲ, ನಾವೇ ಕೊಟ್ಟಿದ್ದು.

ಒಂದು ಮಾತು ಇಷ್ಟವಾಗಲಿಕ್ಕಿಲ್ಲ. ಹೊಗೆಯ ಲೆಕ್ಕದಲ್ಲಿ ಮಾತ್ರ ನೋಡಿದರೆ ಓವರ್‌ಲೋಡ್ ಲಾರಿ ಟನ್ನಿಗೆ ಕಡಿಮೆ ಡೀಸೆಲ್ ಸುಡುತ್ತದೆ. ಅದಕ್ಕೇ 14, 16 ಚಕ್ರದ ಗಾಡಿ ಒಳ್ಳೆಯದು ಅನ್ನುವುದು. ಒಂದೇ ಸಲ ಹೆಚ್ಚು ಮಾಲು ಹೋಗುತ್ತದೆ, ಭಾರವೂ ಹೆಚ್ಚು ಆಕ್ಸಲ್‌ಗಳ ಮೇಲೆ ಹಂಚಿಹೋಗುತ್ತದೆ.

ಸುರತ್ಕಲ್ ಮಾಣಿ:
ರೈಲಿನ ವಿಷಯ ನಾನು ಹೇಳುತ್ತೇನೆ ಮಾರಾಯ್ರೆ. ನಮ್ಮ ಸುರತ್ಕಲ್ ಸ್ಟೇಷನ್‌ಗೆ ಬಂದು ನೋಡಿ, ಲೋಡು ಲಾರಿಗಳೇ ಸಾಲಾಗಿ ರೈಲು ಹತ್ತುತ್ತವೆ. ರೋರೋ ಅಂತ ಕರೆಯುತ್ತಾರೆ. ಕೊಂಕಣ ರೈಲ್ವೆ 1999ರಲ್ಲೇ ಶುರು ಮಾಡಿದ್ದು. ಇಲ್ಲಿಂದ ಮಹಾರಾಷ್ಟ್ರದ ಕೋಲಾಡ್‌ವರೆಗೆ ಲಾರಿ ವ್ಯಾಗನ್ ಮೇಲೆ, ಡ್ರೈವರೂ ಕ್ಲೀನರೂ ಅದರ ಜೊತೆಗೇ. ಡೀಸೆಲ್ ಉಳಿಯಿತು, ಟೈರ್ ಉಳಿಯಿತು, ಮನುಷ್ಯನಿಗೆ ನಿದ್ದೆಯೂ ಆಯ್ತು. 2020ರಲ್ಲಿ ನೆಲಮಂಗಲದಿಂದ ಸೊಲ್ಲಾಪುರದ ಬಾಳೆಗೂ ಒಂದು ಶುರುವಾಯಿತು.

ಆದರೆ ನಿಮ್ಮ ಘಾಟಿ ಬೇರೆ ಕತೆ. ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರಕ್ಕೆ 55 ಕಿಲೋಮೀಟರಲ್ಲಿ 57 ಸುರಂಗ. ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ, ರೈಲಿಗೆ ಇದು ಭಯಂಕರ ಚಡಾವು. ಗೂಡ್ಸ್ ಹತ್ತಬೇಕಾದರೆ ಹೆಚ್ಚಿನ ಎಂಜಿನ್ ಕೊಡಬೇಕು, ಒಂದೇ ಹಳಿ ಬೇರೆ. ಮತ್ತೆ ನೀವು ಹೇಳಿದ ಅದೇ 2024ರ ಜುಲೈಯಲ್ಲಿ ಯಡಕುಮರಿ ಹತ್ತಿರ ಹಳಿಯ ಅಡಿಯ ಮಣ್ಣೂ ಜಾರಿತ್ತು, ರೈಲೂ ನಿಂತಿತು. ರಸ್ತೆಗೆ ಬೇರೆ ಗುಡ್ಡ, ರೈಲಿಗೆ ಬೇರೆ ಗುಡ್ಡ ಉಂಟಾ ಇಲ್ಲಿ?

ಪೈಪನ್ನು ಯಾರೂ ಹೇಳಲಿಲ್ಲ. ಮಂಗಳೂರಿನಿಂದ ಹಾಸನ ಮೂಲಕ ಬೆಂಗಳೂರಿಗೆ ಪೆಟ್ರೋಲ್, ಡೀಸೆಲ್ 2003ರಿಂದ ಪೈಪಿನಲ್ಲೇ ಹೋಗುತ್ತಿದೆ. ಆಮೇಲೆ ಗ್ಯಾಸಿಗೂ ಪೈಪ್ ಬಂತು. ಇಲ್ಲದಿದ್ದರೆ ನಿಮ್ಮ ಲೋಟ ಗೂಡಿನಿಂದಲೇ ಬೀಳುತ್ತಿತ್ತು.

ಹತ್ತುಚಕ್ರ:
ರೋರೋ ನಿಜಕ್ಕೂ ಚೆನ್ನಾಗಿದೆ, ಒಂದು ಸಲ ಹೋಗಿದ್ದೆ. ಲಾರಿ ಕ್ಯಾಬಿನ್‌ನಲ್ಲಿ ಕೂತು, ಸ್ಟೇರಿಂಗ್ ಮುಟ್ಟದೆ, ರತ್ನಾಗಿರಿ ದಾಟುವಾಗ ಅನ್ನ ಬೇಯಿಸಿಕೊಂಡು ಊಟ ಮಾಡಿದ್ದೆ. ಆದರೆ ಅದು ಉದ್ದ ದಾರಿಗೆ. 350 ಕಿಲೋಮೀಟರಿಗೆ ಹತ್ತಿಸಿ ಇಳಿಸಿ ಕಾಯುವಷ್ಟರಲ್ಲಿ ಬೆಂಗಳೂರೇ ಬಂದಿರುತ್ತದೆ.

ನನ್ನ ಕೇಳಿದರೆ ಮೊದಲು ಖಾಲಿ ಓಡುವುದು ತಪ್ಪಬೇಕು. ಹೋಗುವಾಗಲೂ ಬರುವಾಗಲೂ ನ್ಯಾಯವಾದ ಬಾಡಿಗೆ ಸಿಕ್ಕರೆ ಯಾವನು ಓವರ್‌ಲೋಡ್ ಹಾಕ್ತಾನೆ ಹೇಳಿ? ಚಡಾವಿನಲ್ಲಿ ಗಾಡಿ ನಿಂತಾಗ ಕ್ಲೀನರ್ ಹುಡುಗ ಮರದ ತುಂಡು ಹಿಡಿದು ಹಿಂದಿನ ಚಕ್ರದ ಕಡೆ ಓಡುತ್ತಾನಲ್ಲ, ಅದನ್ನು ಕನ್ನಡಿಯಲ್ಲಿ ನೋಡಿದವನಿಗೆ ಓವರ್‌ಲೋಡಿನ ಭಯ ಗೊತ್ತು.

ಡಾಂಬರುಮೇಷ್ಟ್ರು:
ಖಾಲಿ ವಾಪಸ್ ಬಗ್ಗೆ ಒಪ್ಪಿದೆ. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್. ನಿಮ್ಮ ಆ ಒಂದು ಟ್ರಿಪ್ಪಿನಲ್ಲೇ 390 ಕೆಜಿ ಹತ್ತಿರ ಆಯ್ತು. ಅದರಲ್ಲಿ 150ರಷ್ಟು ಸುಮ್ನೆ ಗಾಳಿ ಹೊತ್ತು ಬಂದದ್ದಕ್ಕೆ.

ತೋಟದಮನೆ:
ಎಲ್ಲರಿಗೂ ಥ್ಯಾಂಕ್ಸ್. ಬಾಡಿಗೆ ಲೆಕ್ಕ ನಿಜವಾಗಿಯೂ ಗೊತ್ತಿರಲಿಲ್ಲ. ನಿನ್ನೆ ರಾತ್ರಿ ಹತ್ತರಿಂದ ಹನ್ನೊಂದರವರೆಗೆ ಜಗಲಿಯಲ್ಲಿ ಕೂತು ಮಂಗಳೂರು ಕಡೆ ಇಳಿಯುವ ಲಾರಿ ಎಣಿಸಿದೆ. 64 ಹೋದವು. ಖಾಲಿ ಗಾಡಿಗೆ ಹಿಂದಿನ ಬಾಗಿಲು ಡಬಡಬ ಬಡಿದುಕೊಳ್ಳುವ ಸದ್ದು ಇರುತ್ತದೆ, ನೋಡದೆಯೇ ಗೊತ್ತಾಗುತ್ತದೆ. ಅಂಥವು 23.

ಹತ್ತುಚಕ್ರ:
23ರಲ್ಲಿ ಒಂದು ನಂದೇ. ಹಿಂದಿನ ಬಾಗಿಲಿನ ಚಿಲಕ ಹೋಗಿದೆ, ಈ ವಾರ ವೆಲ್ಡಿಂಗ್ ಮಾಡಿಸ್ತೀನಿ.