ಮೂರು ಮಾನಿಟರ್ ಜೋಡಿಸಿದ ಮೇಲೆ ನಡುವಿನ ಪರದೆ ಮಸುಕಾಗಿದೆ

ಪ್ರಶ್ನೆ (ಕುವೆಂಪುನಗರ, ಮೈಸೂರು)

ಎಲ್ಲರಿಗೂ ನಮಸ್ಕಾರ. ರೇಸಿಂಗ್ ಆಟಗಳಿಗೆಂದು ಕಳೆದ ವರ್ಷ 2560×1440 ರೆಸಲ್ಯೂಶನ್, 144 ಹರ್ಟ್ಸ್‌ನ (ಸೆಕೆಂಡಿಗೆ 144 ಬಾರಿ ಚಿತ್ರ ಬದಲಿಸುವ) ಮಾನಿಟರ್ ಕೊಂಡಿದ್ದೆ. ಅಣ್ಣ ಬಿಟ್ಟುಕೊಟ್ಟದ್ದೊಂದು, ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿದ್ದೊಂದು, ಹೀಗೆ 1920×1080, 60 ಹರ್ಟ್ಸ್‌ನ ಎರಡು ಮಾನಿಟರ್‌ಗಳನ್ನು ಈಗ ಅದರ ಎಡಬಲಕ್ಕಿಟ್ಟು, ಎನ್‌ವಿಡಿಯಾ ಸರೌಂಡ್‌ನಲ್ಲಿ (ಗ್ರಾಫಿಕ್ಸ್ ಕಾರ್ಡಿನ ಸೌಲಭ್ಯ) ಮೂರನ್ನೂ ಒಂದೇ ಅಗಲ ಪರದೆಯನ್ನಾಗಿ ಮಾಡಿದ್ದೇನೆ. ಆಟ 5760×1080ರಲ್ಲಿ ತೆರೆದುಕೊಳ್ಳುತ್ತದೆ. ಆದರೆ ನಡುವಿನ ಪರದೆಯಲ್ಲಿ ಸ್ಪೀಡೋಮೀಟರಿನ ಅಂಕಿಗಳು ಎಣ್ಣೆ ಕಾಗದದ ಹಿಂದಿನಿಂದ ನೋಡಿದಂತೆ ಕಾಣುತ್ತವೆ. ಸರೌಂಡ್ ತೆಗೆದರೆ 1440 ಸಾಲುಗಳ ರೆಸಲ್ಯೂಶನ್ ಮರಳಿ ಬರುತ್ತದೆಯಾದರೂ ರಿಫ್ರೆಶ್ ರೇಟ್ (ಹರ್ಟ್ಸ್) ಪಟ್ಟಿಯಲ್ಲಿ 60ಕ್ಕಿಂತ ಮೇಲೆ ಏನೂ ಇಲ್ಲ, ಮೌಸ್ ಬಾಣವೂ ನಡುವಿನ ಪರದೆಯ ಮೇಲ್ತುದಿಯಿಂದ ಪಕ್ಕಕ್ಕೆ ದಾಟುವುದಿಲ್ಲ. ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರನ್ನು ಪೂರ್ತಿ ತೆಗೆದು ಮತ್ತೆ ಹಾಕಿ ನೋಡಿದ್ದಾಯಿತು. ಗ್ರಾಫಿಕ್ಸ್ ಕಾರ್ಡೇ ಕೆಟ್ಟಿರಬಹುದೇ?

ಉತ್ತರ 1 (ಮಂಡ್ಯ)

ಮೂರೂ ಕೇಬಲ್‌ಗಳು ಗ್ರಾಫಿಕ್ಸ್ ಕಾರ್ಡಿಗೇ ಸೇರಿವೆಯೇ, ಮದರ್‌ಬೋರ್ಡಿಗೆ ಯಾವುದಾದರೂ ಹೋಗಿದೆಯೇ? ಯಾವ ಮಾನಿಟರಿಗೆ ಯಾವ ಕೇಬಲ್ ಹಾಕಿದ್ದೀರಿ ಎಂದೂ ತಿಳಿಸಿ.

ಪ್ರಶ್ನೆ ಕೇಳಿದವರು

ಮೂರೂ ಕಾರ್ಡಿಗೇ ಸೇರಿವೆ, ಸರ್. ಮೊದಲು ನಡುವಿನದಕ್ಕೆ ಡಿಸ್‌ಪ್ಲೇಪೋರ್ಟ್ ಕೇಬಲ್ ಇತ್ತು. ಅದು ಉದ್ದವಾಗಿದ್ದುದರಿಂದ ಬಲಗಡೆಯದಕ್ಕೆ ಹಾಕಿ, ನಡುವಿನದಕ್ಕೆ ಮನೆಯಲ್ಲಿದ್ದ ಹಳೆಯ ಎಚ್‌ಡಿಎಂಐ ಕೇಬಲ್ ಹಾಕಿದೆ.

ಉತ್ತರ 2 (ಸರಸ್ವತಿಪುರಂ, ಮೈಸೂರು)

ಕಾರ್ಡಿನ ಬಗ್ಗೆ ಚಿಂತೆ ಬೇಡ. ನೀವು ಒಂದೇ ದೋಷ ಎಂದುಕೊಂಡಿರುವುದು ಬೇರೆ ಬೇರೆ ಮೂರು ಸಂಗತಿಗಳು.

ಸರೌಂಡ್‌ನಲ್ಲಿ ಮೂರೂ ಪರದೆಗಳು ಒಂದೇ ರೆಸಲ್ಯೂಶನ್, ಒಂದೇ ರಿಫ್ರೆಶ್ ರೇಟ್‌ನಲ್ಲಿ ನಡೆಯಬೇಕು. ಆದ್ದರಿಂದ ನಿಮ್ಮ ಒಳ್ಳೆಯ ಮಾನಿಟರ್ ಪಕ್ಕದವುಗಳ ಮಟ್ಟಕ್ಕೆ, ಅಂದರೆ 1080 ಮತ್ತು 60ಕ್ಕೆ, ಇಳಿದಿದೆ. 1080 ಸಾಲುಗಳ ಚಿತ್ರವನ್ನು 1440 ಸಾಲುಗಳಿಗೆ ಹಿಗ್ಗಿಸಿದಾಗ ಮೂರು ಸಾಲಿನ ಚಿತ್ರ ನಾಲ್ಕು ಸಾಲಿಗೆ ಹಂಚಿಹೋಗುತ್ತದೆ. ಸಮವಾಗಿ ಹಂಚಲು ಬಾರದ ಕಾರಣ ಅಕ್ಕಪಕ್ಕದ ಬಣ್ಣಗಳನ್ನು ಬೆರೆಸಬೇಕಾಗುತ್ತದೆ, ನೀವು ಕಂಡ ಮಸುಕು ಅದೇ. ಇದನ್ನು ಯಾವ ಡ್ರೈವರೂ ಸರಿಪಡಿಸಲಾರದು.

60 ಹರ್ಟ್ಸ್‌ಗೆ ಕಾರಣ ಬಹುಮಟ್ಟಿಗೆ ಎಚ್‌ಡಿಎಂಐ. ಅದರ 1.4 ಆವೃತ್ತಿಯ ಮಿತಿ ಸೆಕೆಂಡಿಗೆ 10.2 ಗಿಗಾಬಿಟ್, 1440ರಲ್ಲಿ 144 ಹರ್ಟ್ಸ್ ಅದರಲ್ಲಿ ಹಿಡಿಸುವುದಿಲ್ಲ. 2.0ರಲ್ಲಿ 18 ಗಿಗಾಬಿಟ್ ಸಾಗುತ್ತದೆ, ಆದರೆ ಕಾರ್ಡ್, ಕೇಬಲ್, ಮಾನಿಟರಿನ ಪೋರ್ಟ್ ಮೂರೂ ಅದಕ್ಕೆ ಒದಗಬೇಕು. ಡಿಸ್‌ಪ್ಲೇಪೋರ್ಟ್ 1.2ಕ್ಕೆ 21.6 ಗಿಗಾಬಿಟ್ ಇದೆ. ದಯವಿಟ್ಟು ಆ ಕೇಬಲನ್ನು ನಡುವಿನದಕ್ಕೇ ಮರಳಿ ಹಾಕಿ. ಬಲಗಡೆಯ 1080ಕ್ಕೆ ಹಳೆಯ ಎಚ್‌ಡಿಎಂಐ ಧಾರಾಳವಾಗಿ ಸಾಕು.

ಮೌಸ್ ನಿಲ್ಲುವುದು ಎತ್ತರದ ವ್ಯತ್ಯಾಸದಿಂದ. ಎರಡರ ನಡುವೆ 360 ಪಿಕ್ಸೆಲ್ ಅಂತರವಿದ್ದು, ಆ ಭಾಗದ ಪಕ್ಕದಲ್ಲಿ ದಾಟಲು ಪರದೆಯೇ ಇರುವುದಿಲ್ಲ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಪಕ್ಕದ ಚೌಕಗಳನ್ನು ಎಳೆದು ನಡುವಿನದರ ಮಧ್ಯಕ್ಕೆ ಕೂರಿಸಿದರೆ ಆ ಅಂತರ ಮೇಲೆ 180, ಕೆಳಗೆ 180 ಎಂದು ಹಂಚಿಹೋಗುತ್ತದೆ.

ನನ್ನ ಸಲಹೆಯೆಂದರೆ ಸರೌಂಡ್ ಬಿಟ್ಟುಬಿಡಿ, ಆಟವನ್ನು ನಡುವಿನದರಲ್ಲಿ ಮಾತ್ರ ಆಡಿ. ಮೂರು ಪರದೆಯ ರೇಸಿಂಗ್‌ನ ಆಸೆ ನನಗೂ ಅರ್ಥವಾಗುತ್ತದೆ. ತಿರುವಿನಲ್ಲಿ ಪಕ್ಕದ ಕಾರು ಕಣ್ಣಂಚಿಗೆ ಬೀಳುವ ಸುಖವೇ ಬೇರೆ. ಆದರೆ ಅದಕ್ಕೆ ಒಂದೇ ಬಗೆಯ ಮೂರು ಮಾನಿಟರ್ ಬೇಕು. ಮೂರೂ 1440 ಆದರೆ 7680×1440, ಅಂದರೆ ಸುಮಾರು 1 ಕೋಟಿ 10 ಲಕ್ಷ ಪಿಕ್ಸೆಲ್. 4ಕೆ ಪರದೆಯಲ್ಲಿ ಇರುವುದೇ ಸುಮಾರು 83 ಲಕ್ಷ. ನಿಮ್ಮ ಕಾರ್ಡ್ ಅಷ್ಟು ಭಾರ ಹೊರುತ್ತದೆಯೇ ಎಂದು ನೋಡಿಕೊಂಡು ಆಮೇಲೆ ಹಣ ಹಾಕಿ.

ಪ್ರಶ್ನೆ ಕೇಳಿದವರು

ಕೇಬಲ್ ಅದಲುಬದಲು ಮಾಡಿದ ಕೂಡಲೇ ಪಟ್ಟಿಯಲ್ಲಿ 144 ಕಾಣಿಸಿಕೊಂಡಿತು. ಅಂಕಿಗಳು ಮೊದಲಿನಂತೆ ಚೊಕ್ಕವಾಗಿವೆ, ಮೌಸ್ ಈಗ ತೀರಾ ಮೂಲೆಗಳಲ್ಲಿ ಮಾತ್ರ ತಡೆಯುತ್ತದೆ. ಎಡಗಡೆ ಟ್ರ್ಯಾಕ್‌ನ ನಕ್ಷೆ, ಬಲಗಡೆ ಗೆಳೆಯರೊಂದಿಗಿನ ಚಾಟ್ ಇಟ್ಟುಕೊಂಡು ನಿನ್ನೆ ರಾತ್ರಿ ಎರಡು ಗಂಟೆ ಆಡಿದೆ. ತಮ್ಮಿಬ್ಬರಿಗೂ ಧನ್ಯವಾದಗಳು.