ಅಪ್‌ಡೇಟ್: ಅಮ್ಮನ ಏದುಸಿರಿಗೆ ಕಾರಣ ಕೊನೆಗೂ ತಿಳಿಯಿತು

2 ವರ್ಷಗಳಿಂದ ಅಸ್ತಮಾ ಎಂದು ಔಷಧ ನಡೆಯುತ್ತಿದ್ದರೂ ಅಮ್ಮನ ಏದುಸಿರು ಇಳಿದಿಲ್ಲ, ಊದಿಸಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆ ಹತ್ತಿರದಲ್ಲಿ ಎಲ್ಲಾದರೂ ಆಗುತ್ತದೆಯೇ ಎಂದು 15 ದಿನಗಳ ಹಿಂದೆ ಕೇಳಿದ್ದೆ. ಹಳ್ಳಿಗೇ ಬರುವ ಉಸಿರಾಟ ತಪಾಸಣಾ ಶಿಬಿರಕ್ಕೆ ಕರೆದೊಯ್ಯಿರಿ ಎಂದವರ ಸಲಹೆಯೇ ಫಲಿಸಿತು. ಅವರಿಗೆ ಮನಸಾರೆ ಕೃತಜ್ಞತೆಗಳು. ಕೆಮ್ಮಿನ ಸದ್ದು ಕೇಳಿ ರೋಗ ಹೇಳುವ ಮೊಬೈಲ್ ಆ್ಯಪ್‌ನಿಂದ ಏನೂ ತಿಳಿಯಲಿಲ್ಲ, ಎಕ್ಸ್‌ರೇ ಸಹಜವಾಗಿಯೇ ಇತ್ತು.

ಶಿಬಿರದಲ್ಲಿ ಮೂಗಿಗೆ ಕ್ಲಿಪ್ ಹಾಕಿ, ಎದೆ ತುಂಬ ಉಸಿರೆಳೆಸಿ, ಒಂದೇ ರಭಸದಲ್ಲಿ 6 ಸೆಕೆಂಡಾದರೂ ಊದಿಸಿದರು. ಮೊದಲೆರಡು ಸಲ ಅಮ್ಮ ನಡುವೆ ಕೆಮ್ಮಿದ್ದನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶ ಕೂಡಲೇ ಗುರುತಿಸಿ, ಆ ಫಲಿತಾಂಶ ಲೆಕ್ಕಕ್ಕೆ ಬಾರದು ಎಂದು ತೋರಿಸಿತು. "ಇನ್ನೊಂದ್ಸಲ ಅಮ್ಮಾ, ಊದಿ, ಊದಿ, ಬಿಡಬೇಡಿ" ಎಂದು ನರ್ಸ್ ತಾಳ್ಮೆಯಿಂದ ಹುರಿದುಂಬಿಸಿದರು. ಶ್ವಾಸನಾಳ ಹಿಗ್ಗಿಸುವ ಔಷಧವಾದ ಸಾಲ್ಬುಟಮಾಲ್ ಕೊಟ್ಟು 15 ನಿಮಿಷದ ನಂತರ ಊದಿಸಿದಾಗಲೂ ಊದಿದ ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿಯ ಅನುಪಾತ 0.58 ಮಾತ್ರವಿತ್ತು, ಅದು 0.70ಕ್ಕಿಂತ ಕೆಳಗಿದ್ದರೆ ಶ್ವಾಸನಾಳಗಳಲ್ಲಿ ಅಡಚಣೆ ಉಳಿದಿದೆ ಎಂದರ್ಥ. ತಂತ್ರಾಂಶ ಸಿಒಪಿಡಿಯ (ಶ್ವಾಸನಾಳಗಳಲ್ಲಿ ಅಡಚಣೆ ಉಳಿದುಬಿಡುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಸಾಧ್ಯತೆಯನ್ನಷ್ಟೇ ಸೂಚಿಸಿತು, ಖಚಿತಪಡಿಸಿದವರು ಶ್ವಾಸಕೋಶ ತಜ್ಞರು.

ಬೀಡಿ ಮುಟ್ಟಿಯೂ ನೋಡದ ಅಮ್ಮನಿಗೆ ಈ ಕಾಯಿಲೆ ಹೇಗೆ ಎಂದು ದಿಗ್ಭ್ರಮೆಯಾಯಿತು. 40 ವರ್ಷ ಊದುಕೊಳವೆ ಹಿಡಿದು ಸೌದೆ ಒಲೆ ಊದಿದ ಹೊಗೆಯೇ ಕಾರಣವಿರಬಹುದು ಎಂದರು ವೈದ್ಯರು. ಈಗ ಇನ್ಹೇಲರ್ ಬದಲಾಗಿದೆ, ನೀರೊಲೆಯ ಉಸ್ತುವಾರಿಯನ್ನೂ ನಾನೇ ವಹಿಸಿಕೊಂಡಿದ್ದೇನೆ.